ಮಗುವಿನ ಸನ್‌ಸ್ಕ್ರೀನ್: ಡಬ್ಬಿಯ ಮುಂಭಾಗ ನಂಬಬೇಡಿ, ಹಿಂಭಾಗ ಓದಿ



ಬೇಸಿಗೆ ಬಂತೆಂದರೆ ನಮ್ಮ ಕನ್ನಡ ಗುಂಪುಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: "ಮಗುವಿಗೆ ಎರಡು ವರ್ಷ. ಕೆಮಿಕಲ್ ಇಲ್ಲದ ನ್ಯಾಚುರಲ್ ಸನ್‌ಸ್ಕ್ರೀನ್ ಯಾವುದಿದೆ ಹೇಳಿ." ಉತ್ತರವಾಗಿ ಹತ್ತು ಲಿಂಕು, ನಾಲ್ಕು ಮನೆಮದ್ದು ಬಂದು ಬೀಳುತ್ತವೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. *'ನ್ಯಾಚುರಲ್' ಎಂಬ ಒಂದು ಪದ ನೋಡಿ ಮಗುವಿಗೆ ಸನ್‌ಸ್ಕ್ರೀನ್ ಆರಿಸಬೇಡಿ.* ಬಿಸಿಲಿನಿಂದ ಎಷ್ಟು ರಕ್ಷಣೆ ಸಿಗುತ್ತದೆ ಎಂದು ಆ ಪದ ಹೇಳುವುದಿಲ್ಲ. ಎಳೆಯ ಚರ್ಮಕ್ಕೆ ಒಗ್ಗುತ್ತದೆಯೇ ಎಂದೂ ಹೇಳುವುದಿಲ್ಲ.

🌿 *ಅಡುಗೆಮನೆಯ ಸನ್‌ಸ್ಕ್ರೀನ್ ಬೇಡ*

ಕೊಬ್ಬರಿ ಎಣ್ಣೆ ಒಣಚರ್ಮಕ್ಕೆ ಒಳ್ಳೆಯದು, ಆದರೆ ಬಿಸಿಲು ತಡೆಯಲು ಅದು ಏನೇನೂ ಸಾಲದು. ಲೋಳೆಸರ ಸುಟ್ಟ ಚರ್ಮಕ್ಕೆ ತಂಪು ಕೊಡಬಹುದು, ಸುಡದಂತೆ ಕಾಯುವುದಿಲ್ಲ. ಕ್ಯಾರೆಟ್ ಬೀಜದ ಎಣ್ಣೆ, ರಕ್ತಚಂದನದ ಲೇಪ ನಂಬಿ ಮಗುವನ್ನು ಮಧ್ಯಾಹ್ನ ಆಟಕ್ಕೆ ಬಿಡುವುದೂ ಸರಿಯಲ್ಲ. ನಿಂಬೆರಸವಂತೂ ಅಪಾಯಕಾರಿ. ನಿಂಬೆ ಜಾತಿಯ ಹಣ್ಣಿನ ರಸ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಗುಳ್ಳೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು.

ಆನ್‌ಲೈನಿನಲ್ಲಿ ಜಿಂಕ್ ಪುಡಿ ತರಿಸಿ ಎಣ್ಣೆಯಲ್ಲಿ ಕಲಸಿ ಮನೆಯಲ್ಲೇ ಮಾಡಿಕೊಳ್ಳುವವರೂ ಇದ್ದಾರೆ. ಪುಡಿ ಸಮನಾಗಿ ಬೆರೆಯದಿದ್ದರೆ ಒಂದು ಕಡೆ ರಕ್ಷಣೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಕಲಸುವಾಗ ಪುಡಿ ಉಸಿರಿನೊಳಗೆ ಹೋಗುವ ಭಯ ಬೇರೆ.

🔬 *ಹಾಗಾದರೆ ಯಾವುದು?*

ಪುಟ್ಟ ಮಕ್ಕಳಿಗೆ ಜಿಂಕ್ ಆಕ್ಸೈಡ್ ಇರುವ ಮಿನರಲ್ ಸನ್‌ಸ್ಕ್ರೀನ್ ಉತ್ತಮ. ಜೊತೆಗೆ ಟೈಟಾನಿಯಂ ಡೈಆಕ್ಸೈಡ್ ಇದ್ದರೂ ಸರಿ. 2019ರಲ್ಲಿ ಅಮೆರಿಕದ ಎಫ್‌ಡಿಎ ಸಂಸ್ಥೆ ಸನ್‌ಸ್ಕ್ರೀನಿನ 16 ಘಟಕಗಳನ್ನು ಪರಿಶೀಲಿಸಿ, ಸುರಕ್ಷಿತ ಮತ್ತು ಪರಿಣಾಮಕಾರಿ ಎನ್ನಲು ಸಾಕಷ್ಟು ಮಾಹಿತಿ ಇರುವುದು ಈ ಎರಡಕ್ಕೇ ಎಂಬ ನಿಲುವಿಗೆ ಬಂತು. 12 ಘಟಕಗಳ ಬಗ್ಗೆ ಇನ್ನೂ ಮಾಹಿತಿ ಕೇಳಿತು. ಅಂದರೆ ಆ 12 ವಿಷವೆಂದು ಅರ್ಥವಲ್ಲ. ಆದರೆ ಪುಟ್ಟ ಮಗುವಿನ ವಿಷಯದಲ್ಲಿ ಹೆಚ್ಚು ಖಾತ್ರಿ ಇರುವುದನ್ನೇ ಹಿಡಿಯುವುದು ಜಾಣತನ.

ಜಿಂಕ್ ಆಕ್ಸೈಡ್ ನಮಗೆ ಹೊಸದೇನಲ್ಲ. ಡೈಪರ್ ರಾಶ್ ಕ್ರೀಮಿನಲ್ಲಿ, ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವುದೂ ಇದೇ. ಹಾಗೆಂದು ಅವನ್ನೇ ಸನ್‌ಸ್ಕ್ರೀನ್ ಬದಲು ಹಚ್ಚಬೇಡಿ, ಅವು ಬಿಸಿಲು ತಡೆಯಲೆಂದು ತಯಾರಾದವಲ್ಲ. ಇನ್ನೊಂದು ಮಾತು: ಈ ಜಿಂಕ್ ಆಕ್ಸೈಡ್ ಕೂಡ ಕಾರ್ಖಾನೆಯಲ್ಲೇ ಶುದ್ಧವಾಗಿ ಬರುತ್ತದೆ. ಅದು ಒಳ್ಳೆಯದೇ. ಮಣ್ಣಿನಿಂದ ತೆಗೆದ ಅದಿರಿನಲ್ಲಿ ಸೀಸದಂಥ ಬೇಡದ ಲೋಹಗಳೂ ಸೇರಿರಬಹುದು.

📋 *ಅಂಗಡಿಯಲ್ಲಿ ನೋಡಬೇಕಾದದ್ದು*

1️⃣ ಘಟಕಗಳ ಪಟ್ಟಿಯಲ್ಲಿ ಜಿಂಕ್ ಆಕ್ಸೈಡ್ ಇರಲಿ. 'ಮಿನರಲ್' ಎಂದು ಬರೆದಿದ್ದರೂ ಆಕ್ಸಿಬೆನ್‌ಜೋನ್, ಅವೊಬೆನ್‌ಜೋನ್ ಮುಂತಾದವು ಸೇರಿವೆಯೇ ನೋಡಿ.
2️⃣ ಎಸ್‌ಪಿಎಫ್ 30ರಿಂದ 50 ಸಾಕು. 30 ಇದ್ದರೆ ಯುವಿಬಿ ಕಿರಣಗಳಲ್ಲಿ ಸುಮಾರು 97% ತಡೆಯುತ್ತದೆ, 50 ಇದ್ದರೆ ಸುಮಾರು 98%. 100 ಎಂದು ಬರೆದದ್ದಕ್ಕೆ ದುಪ್ಪಟ್ಟು ದುಡ್ಡು ಕೊಡಬೇಕಿಲ್ಲ.
3️⃣ 'ಬ್ರಾಡ್ ಸ್ಪೆಕ್ಟ್ರಮ್' ಅಥವಾ 'ಪಿಎ' ಮುಂದೆ ಕನಿಷ್ಠ ಮೂರು ಪ್ಲಸ್ ಗುರುತು ಇರಲಿ. ಇದು ಯುವಿಎ ಕಿರಣಗಳ ತಡೆಗೆ.
4️⃣ ಪರಿಮಳ ಇರದಿದ್ದರೆ ಒಳ್ಳೆಯದು. ಲ್ಯಾವೆಂಡರ್, ಕಿತ್ತಳೆ ಸಿಪ್ಪೆಯ ಎಣ್ಣೆ ನ್ಯಾಚುರಲ್ ಆದರೂ ಕೆಲವು ಮಕ್ಕಳಿಗೆ ಅಲರ್ಜಿ ಮಾಡುತ್ತವೆ.
5️⃣ ಸ್ಪ್ರೇ, ಪೌಡರ್ ಬೇಡ. ಲೋಷನ್ ಅಥವಾ ಕ್ರೀಮ್ ತನ್ನಿ.
6️⃣ ತಯಾರಕರ ವಿಳಾಸ, ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ ಇಲ್ಲದ 'ಹೋಮ್‌ಮೇಡ್' ಡಬ್ಬಿ ಕೊಳ್ಳಬೇಡಿ.

ಮೊದಲು ಮಗುವಿನ ಮುಂಗೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಕೆಂಪಾಗದಿದ್ದರೆ ಬಳಸಿ. ಹೊರಡುವ ಕಾಲು ಗಂಟೆ ಮೊದಲು ಧಾರಾಳವಾಗಿ ಹಚ್ಚಿ. ಕಿವಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಮರೆಯಬೇಡಿ. ಅಂಗೈಗೆ, ಕಣ್ಣಿನ ಹತ್ತಿರ ಬೇಡ, ಮಗು ಕೈ ಬಾಯಿಗೆ ಹಾಕುತ್ತದೆ, ಕಣ್ಣು ಉಜ್ಜುತ್ತದೆ. ಎರಡು ಗಂಟೆಗೊಮ್ಮೆ, ನೀರಾಟ ಮುಗಿದ ಮೇಲೆ ಮತ್ತೆ ಹಚ್ಚಿ. ಮುಖ ಸ್ವಲ್ಪ ಬೆಳ್ಳಗೆ ಕಂಡರೆ ಕಾಣಲಿ ಬಿಡಿ, ಅದು ಜಿಂಕಿನ ಗುಣ.

👒 *ಕ್ರೀಮಿಗೆ ಮೂರನೆಯ ಸ್ಥಾನ*

ಮೊದಲನೆಯದು ಹೊತ್ತು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಮಗುವನ್ನು ಬಿಸಿಲಿಗೆ ಬಿಡದಿದ್ದರೆ ಅರ್ಧ ಕೆಲಸ ಮುಗಿದಂತೆ. ಜುಹು, ಮರೀನಾ ಬೀಚಿಗೆ ಹೋಗುವವರು ಸಂಜೆಯೇ ಹೋಗಿ. ಮರಳು, ನೊರೆಯಿಂದಲೂ ಕಿರಣ ಪುಟಿದು ಮೈಗೆ ಬೀಳುತ್ತದೆ. ಮೋಡ ಕವಿದಿದೆ ಎಂದು ಮೈಮರೆಯಬೇಡಿ, ತೆಳು ಮೋಡ ಯುವಿ ಕಿರಣಗಳನ್ನು ಹೆಚ್ಚೇನೂ ತಡೆಯುವುದಿಲ್ಲ.

ಎರಡನೆಯದು ಬಟ್ಟೆ. ಒತ್ತಾದ ನೇಯ್ಗೆಯ ತುಂಬುತೋಳಿನ ಅಂಗಿ, ಸುತ್ತಲೂ ಅಂಚಿರುವ ಟೋಪಿ. ಬಿಳಿ ಹತ್ತಿ ಅಂಗಿ ಒದ್ದೆಯಾದರೆ ಅದರ ರಕ್ಷಣೆ ಕಡಿಮೆಯಾಗುತ್ತದೆ ಎಂಬುದು ಸೊಸೈಟಿಯ ಸ್ವಿಮ್ಮಿಂಗ್ ಪೂಲಿನಲ್ಲಿ ನೆನಪಿರಲಿ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನಿಗಿಂತ ನೆರಳು ಮತ್ತು ಬಟ್ಟೆಯೇ ಸರಿ.

❤️ *ಕೊನೆಯದಾಗಿ, ಬಣ್ಣದ ಮಾತು*

ವಿಡಿಯೋ ಕಾಲಿನಲ್ಲಿ ಊರಿನ ಅಜ್ಜಿ "ಮಗು ಕಪ್ಪಾಗಿಬಿಟ್ಟಿದೆಯಲ್ಲೇ!" ಎಂದರೆ ತಾಯಿಗೆ ಸಂಕಟ. ಎಷ್ಟೋ ಮನೆಗಳಲ್ಲಿ ಸನ್‌ಸ್ಕ್ರೀನ್ ಹುಡುಕಾಟ ಶುರುವಾಗುವುದೇ ಅಲ್ಲಿಂದ. ಅಜ್ಜಿಯ ಪ್ರೀತಿಗೆ ನಮಸ್ಕಾರ, ಆದರೆ ಸನ್‌ಸ್ಕ್ರೀನ್ ಮಗುವನ್ನು ಬೆಳ್ಳಗೆ ಮಾಡುವ ಔಷಧಿಯಲ್ಲ. ನಮ್ಮ ಕಂದು ಚರ್ಮದ ಮೆಲನಿನ್ ದೇವರು ಕೊಟ್ಟ ಕೊಡೆ. ಅದು ಸ್ವಲ್ಪ ಕಾಯುತ್ತದೆ, ಪೂರ್ತಿ ಅಲ್ಲ. ಅದಕ್ಕಾಗಿಯೇ ಸನ್‌ಸ್ಕ್ರೀನ್ ಬೇಕು. ಬಣ್ಣದ ಆಸೆಗೆ ಮಗುವಿಗೆ ಫೇರ್‌ನೆಸ್ ಕ್ರೀಮ್ ಮಾತ್ರ ಖಂಡಿತ ಹಚ್ಚಬೇಡಿ. ಪಾದರಸ ಇರುವ ಇಂಥ ಕ್ರೀಮ್ ಬಳಸಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದು 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಿಂದ ವರದಿಯಾಗಿದೆ.

ಬಿಸಿಲಿಗೆ ಹೆದರಿ ಮಗುವನ್ನು ಫ್ಲಾಟಿನೊಳಗೇ ಕೂಡಿಹಾಕುವುದೂ ತಪ್ಪು. ಮಗು ಓಡಬೇಕು, ಬೀಳಬೇಕು, ಮಣ್ಣಲ್ಲಿ ಆಡಬೇಕು. ವಿಟಮಿನ್ ಡಿ ಬಗ್ಗೆ ಚಿಂತೆಯಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿ, ಹನಿ ಔಷಧಿ ಇದೆ. ಎಸ್ಜಿಮಾ ಇರುವ ಮಕ್ಕಳಿಗೆ ಯಾವ ಕ್ರೀಮ್ ಎಂಬುದನ್ನೂ ಅವರನ್ನೇ ಕೇಳಿ. ಬಿಸಿಲಿಗೆ ಚರ್ಮ ಸುಟ್ಟು ಗುಳ್ಳೆ ಎದ್ದರೆ ಅಥವಾ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಪುಟ್ಟ ಮಕ್ಕಳಿರುವ ನಿಮ್ಮ ಕನ್ನಡ ಬಳಗಕ್ಕೆ, ಮುಖ್ಯವಾಗಿ ಊರಿನಲ್ಲಿರುವ ಅಜ್ಜಿ ತಾತಂದಿರಿಗೆ ಇದನ್ನು ಕಳಿಸಿ. 🙏