ಮನೆವಾರ್ತೆ: ಆಟ ಬಿಟ್ಟು ಹೊರಟ ಗೆಳೆಯ



ರಜೆಯ ದಿನಗಳಲ್ಲಿ ಮನೆಯ ಮಕ್ಕಳು ನಾಲ್ಕೈದು ಮಂದಿ ಗೆಳೆಯರನ್ನು ಕೂಡಿಸಿಕೊಂಡು, ಮೇಜಿನ ಸುತ್ತ ಕುಳಿತು, ವಿಚಿತ್ರಾಕಾರದ ದಾಳಗಳನ್ನು ಉರುಳಿಸುತ್ತ, ಕಾಡು, ಕೋಟೆ, ರಾಕ್ಷಸರ ಮಾತನ್ನಾಡುತ್ತ ಹೊತ್ತು ಕಳೆಯುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಈ ಆಟಕ್ಕೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದು ಹೆಸರು. ಅಮೆರಿಕಾ ದೇಶದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ಇದು 1974ರಲ್ಲಿ ಪ್ರಕಟವಾಯಿತು. ಒಬ್ಬನು ಸೂತ್ರಧಾರನಾಗಿ ಕಥೆಯ ಲೋಕವನ್ನು ವರ್ಣಿಸುವನು. ಉಳಿದವರು ತಲೆಗೊಂದು ಪಾತ್ರವನ್ನು ಕಲ್ಪಿಸಿಕೊಂಡು ಅದರ ಬಾಯಿಂದ ಮಾತನಾಡುವರು. ಕತ್ತಿಯ ಪೆಟ್ಟು ತಗುಲಿತೋ ಇಲ್ಲವೋ ಎಂಬುದನ್ನು 20 ಮುಖಗಳ ದಾಳವು ತೀರ್ಮಾನಿಸುವುದು. ಒಂದೇ ಕಥೆ ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ ಬೆಳೆಯುವುದೂ ಉಂಟು.

ಇಂತಹ ಆಟದಿಂದ ಒಬ್ಬನು ನಡುವೆ ಎದ್ದುಹೋದರೆ ಮಾಡತಕ್ಕದ್ದೇನು? ಚದುರಂಗವಾದರೆ ಕಾಯಿಗಳನ್ನು ಡಬ್ಬಿಗೆ ತುಂಬಿದರೆ ತೀರಿತು. ಇಲ್ಲಿಯಾದರೋ ಆಡುವವನು ಹೋದರೂ ಅವನ ಪಾತ್ರವು ಕಥೆಯ ನಡುವೆ ನಿಂತೇ ಇರುವುದು.

ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯನ್ನು ಅರಿಕೆ ಮಾಡುವೆವು. ನಮ್ಮ ಮಗನೂ ಅವನ ನಾಲ್ವರು ಗೆಳೆಯರೂ ಎರಡು ವರ್ಷಗಳಿಂದ ಭಾನುವಾರ ತಪ್ಪದೆ ಈ ಆಟಕ್ಕೆ ಕೂಡುತ್ತಿದ್ದರು. ಅವರಲ್ಲೊಬ್ಬನದು ಮುದಿ ವೈದ್ಯನ ಪಾತ್ರ. ತಂದೆ ಹಾಸಿಗೆ ಹಿಡಿದು ಮನೆಯ ಭಾರವೆಲ್ಲ ತನ್ನ ಮೇಲೆ ಬಿದ್ದುದರಿಂದ ಆ ಹುಡುಗನು ಬರುವುದನ್ನು ನಿಲ್ಲಿಸಿದನು. ಕಾರಣವನ್ನು ಯಾರಿಗೂ ಹೇಳಲಿಲ್ಲ. ಉಳಿದವರಿಗೆ ಕೋಪ ಬಂದಿತು. ಮೂರನೆಯ ಭಾನುವಾರ ಅವರು ನಗುನಗುತ್ತ ಆ ವೈದ್ಯನನ್ನು ಸೇತುವೆಯಿಂದ ಬೀಳಿಸಿ ಕೊಂದು, ಅವನ ಔಷಧದ ಚೀಲವನ್ನು ಹಂಚಿಕೊಂಡರು. ಪಕ್ಕದ ಕೋಣೆಯಲ್ಲಿದ್ದ ನಾವೂ ಆ ನಗುವನ್ನು ಕೇಳಿ ಸುಮ್ಮನಿದ್ದೆವು.

ಕೆಲವು ದಿನಗಳ ಮೇಲೆ ಪುಸ್ತಕವೊಂದನ್ನು ಹಿಂದಿರುಗಿಸಲು ಬಂದ ಹುಡುಗನಿಗೆ ಈ ಸುದ್ದಿ ತಿಳಿಯಿತು. ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು, “ಅವನನ್ನು ಯಾವುದಾದರೂ ಹಳ್ಳಿಯಲ್ಲಿ ಬಿಟ್ಟುಹೋಗಬಹುದಾಗಿತ್ತಲ್ಲ, ಅಮ್ಮಾ” ಎಂದಷ್ಟೇ ಅಂದನು. ತೀರಿಹೋದ ತನ್ನ ಅಜ್ಜನ ಮಾತಿನ ಧಾಟಿಯನ್ನೇ ಅವನು ಆ ವೈದ್ಯನಿಗೆ ಕೊಟ್ಟಿದ್ದನೆಂಬುದು ನಮಗೆ ತಿಳಿದದ್ದು ಆಗಲೇ.

ನಮ್ಮ ತಾಳಮದ್ದಳೆಯಲ್ಲಿಯೂ ವೇಷಭೂಷಣಗಳಿಲ್ಲದೆ ಕುಳಿತು ಪಾತ್ರದ ಪರವಾಗಿ ಅರ್ಥ ಹೇಳುವರಷ್ಟೆ. ದೀರ್ಘ ಪ್ರಸಂಗಗಳಲ್ಲಿ ಒಬ್ಬ ಅರ್ಥಧಾರಿಯು ಬಿಟ್ಟ ಪಾತ್ರವನ್ನು ಮತ್ತೊಬ್ಬರು ಮುಂದುವರಿಸುವುದೂ ಉಂಟು. ಅದರಿಂದ ಯಾರಿಗೂ ನೋವಿಲ್ಲ. ಕರ್ಣನು ಎಲ್ಲರಿಗೂ ಸೇರಿದವನು, ಅವನ ಗತಿಯೂ ಮೊದಲೇ ಗೊತ್ತಾದುದು. ಈ ಆಟದ ಪಾತ್ರವು ಒಬ್ಬನ ಮನಸ್ಸಿನಲ್ಲಿಯೇ ಹುಟ್ಟಿದುದು. ಆದಕಾರಣ ಅದರ ಮುಂದಿನ ಗತಿಯನ್ನು ಅವನನ್ನು ಕೇಳಿಯೇ ತೀರ್ಮಾನಿಸುವುದು ನ್ಯಾಯ.

ಹೊರಡುವವನು ಮುಂಚಿತವಾಗಿ ತಿಳಿಸಬೇಕು. ಮನೆಯ ಕಷ್ಟವನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. “ಇನ್ನು ಬರಲಾಗದು” ಎಂದರೆ ಸಾಕು. ಅವನು ಹೇಳದೆಯೇ ನಿಂತರೆ ಸೂತ್ರಧಾರನು ತಾನೊಬ್ಬನೇ ಹೋಗಿ ವಿಚಾರಿಸುವುದು ಮೇಲು. ಮನೆಯಲ್ಲಿ ತೊಂದರೆಯಿರಬಹುದು, ಆಟದಲ್ಲಿ ಆಡಿದ ಮಾತೊಂದು ಚುಚ್ಚಿರಲೂಬಹುದು. ಎಲ್ಲರ ಮುಂದೆ ಕೇಳಿದರೆ ಇವೆರಡೂ ಹೊರಬೀಳುವುದಿಲ್ಲ. ಮರಳಿ ಬರಬೇಕೆಂದು ಬಲಾತ್ಕರಿಸಬಾರದು.

ಪಾತ್ರಕ್ಕೆ ದಾರಿಗಳು ಹಲವು. ಅದನ್ನು ಯಾತ್ರೆಗೆ ಕಳುಹಿಸಬಹುದು. ಒಂದು ಊರಿನಲ್ಲಿ ನೆಲೆಗೊಳಿಸಬಹುದು. ಸೂತ್ರಧಾರನ ವಶಕ್ಕೆ ಒಪ್ಪಿಸಿದರೆ ಆಗಾಗ ಬಂದು ಕಾಣಿಸಿಕೊಂಡು ಹೋಗುವುದು. ಹೀಗೆ ಮಾಡಿದಲ್ಲಿ, ಆಡುವವನು ಎಂದಾದರೂ ಹಿಂದಿರುಗಿದರೆ ಪಾತ್ರವೂ ಹಿಂದಿರುಗಬಲ್ಲುದು. ವೀರಮರಣವನ್ನು ಅವನೇ ಬಯಸಿದರೆ ಅದೂ ಆಗಬಹುದು, ಆದರೆ ಅವನು ಮೇಜಿನ ಬಳಿ ಕುಳಿತಿರುವಾಗ, ಅವನ ಬಾಯಿಂದಲೇ ಆಗಬೇಕು. ಅವನ ಪಾತ್ರದ ಬಳಿಯಿದ್ದ ಬೀಗದ ಕೈ, ನಕ್ಷೆ, ಗುಟ್ಟಿನ ಮಾತುಗಳು ಉಳಿದವರಿಗೆ ಸೇರುವಂತೆ ಅಂದೇ ಏರ್ಪಡಿಸಿದರೆ ಕಥೆ ನಡುನೀರಿನಲ್ಲಿ ನಿಲ್ಲದು. ಗಾಯ ಮಾಯಿಸುವವನು ಹೋಗಿ ತಂಡವು ಬಲಗುಂದಿದ್ದರೆ ಸೂತ್ರಧಾರನು ಶತ್ರುಗಳನ್ನು ಕಡಿಮೆ ಮಾಡತಕ್ಕದ್ದು. ಹೊಸಬನು ಬಂದರೆ ಅವನಿಗೆ ಹೊಸ ಪಾತ್ರವನ್ನೇ ಕೊಡುವುದು ಲೇಸು; ಹಳೆಯದನ್ನು ಹೊರಿಸಿದರೆ ಹೋದವನೊಡನೆ ಹೋಲಿಸಿ ನೋಡುವುದು ತಪ್ಪದು.

ನಮ್ಮ ಮನೆಯ ಹುಡುಗರು ತಮ್ಮ ತಪ್ಪನ್ನು ತಿದ್ದಿಕೊಂಡರು. ವೈದ್ಯನು ಹೊಳೆಯಲ್ಲಿ ತೇಲಿ, ಅಂಬಿಗರ ಕೈಗೆ ಸಿಕ್ಕಿ ಬದುಕಿದನೆಂದು ಕಥೆಯನ್ನು ತಿರುಗಿಸಿ, ಅದನ್ನು ಹೇಳುವುದಕ್ಕಾಗಿ ಗೆಳೆಯನ ಮನೆಗೇ ಹೋದರು. ಅಲ್ಲಿಯ ಸ್ಥಿತಿಯನ್ನು ಕಣ್ಣಾರೆ ಕಂಡ ಮೇಲೆ, ರೋಗಿಯ ಬಳಿ ರಾತ್ರಿ ಸರದಿಯ ಮೇಲೆ ಕುಳಿತು ಬಂದರು. ಆ ಹುಡುಗನು ಇನ್ನೂ ಆಟಕ್ಕೆ ಮರಳಿಲ್ಲ. ಮರಳೆಂದು ಯಾರೂ ಕೇಳಿಲ್ಲ. ಔಷಧದ ಚೀಲವು ಮಾತ್ರ ಅಂಬಿಗರ ಗುಡಿಸಲಿನಲ್ಲಿ ಅವನ ವೈದ್ಯನ ತಲೆದೆಸೆಯಲ್ಲಿ ಇರುವುದಂತೆ.