ಮೊದಲ ರಿವಾಲ್ವರ್: ಹಗುರವಾದುದೇ ಹಿತವೆ?

2014ನೆಯ ಇಸವಿಯ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರ ಕಾರ್ಖಾನೆಯು ‘ನಿರ್ಭೀಕ್’ ಎಂಬ ರಿವಾಲ್ವರೊಂದನ್ನು ಮಾರಾಟಕ್ಕೆ ತಂದಿತು. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯದ ನೆನಪು ಆಗಿನ್ನೂ ಮಾಸಿರಲಿಲ್ಲ. ಹೆಣ್ಣುಮಕ್ಕಳ ಆತ್ಮರಕ್ಷಣೆಗೆ ತಕ್ಕ ಆಯುಧವೆಂದು ಅದನ್ನು ಬಣ್ಣಿಸಲಾಯಿತು. ಬೆಲೆ ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ. ತೂಕ ಕೇವಲ 500 ಗ್ರಾಂ. ಬೆಲೆ ಹೆಚ್ಚಾಯಿತೆಂದು ಗೊಣಗಿದವರುಂಟು. ಹಗುರವಾಗಿರುವುದು ಮಾತ್ರ ದೊಡ್ಡ ಗುಣವೆಂದೇ ಎಣಿಕೆಯಾಯಿತು. ಕೈಬಂದೂಕನ್ನು ಮೊದಲ ಬಾರಿಗೆ ಕೊಳ್ಳಹೊರಟವರ ಮಟ್ಟಿಗೆ ಈ ಎಣಿಕೆ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ನ್ಯೂಟನ್ನನ ಮೂರನೆಯ ನಿಯಮವನ್ನು ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಗುಂಡು ಮುಂದಕ್ಕೆ ಧಾವಿಸುವಾಗ ಆಯುಧವು ಅಷ್ಟೇ ಸಂವೇಗದಿಂದ ಹಿಂದಕ್ಕೆ ಒದೆಯುತ್ತದೆ. ನಮ್ಮ ದೇಶದಲ್ಲಿ 9 ಮಿಲಿಮೀಟರಿನ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾದುದರಿಂದ, ಕೊಳ್ಳುವವರ ಪಾಲಿಗೆ ಹೆಚ್ಚಾಗಿ ದೊರೆಯುವುದು .32 ಅಳತೆಯ ಆಯುಧ. ಅದರ ಗುಂಡಿನ ತೂಕ ಸುಮಾರು 6.4 ಗ್ರಾಂ, ವೇಗ ಸೆಕೆಂಡಿಗೆ 220 ಮೀಟರ್ ಎಂದು ಹಿಡಿಯೋಣ. ಗುಂಡಿನೊಡನೆ ಹೊರಬರುವ ಅನಿಲದ ಲೆಕ್ಕವನ್ನು ಬಿಟ್ಟರೂ, 700 ಗ್ರಾಂ ತೂಗುವ ರಿವಾಲ್ವರ್ ಸೆಕೆಂಡಿಗೆ 2 ಮೀಟರ್ ವೇಗದಿಂದ ಹಿಂದಕ್ಕೆ ಬರುತ್ತದೆ. 500 ಗ್ರಾಮಿನದು 2.8 ಮೀಟರ್ ವೇಗದಿಂದ. ಕೈ ತಾಳಿಕೊಳ್ಳಬೇಕಾದ ಶಕ್ತಿ ಒಂದಕ್ಕೆ 1.4ರಷ್ಟು ಏರುತ್ತದೆ. ಸಾಲದುದಕ್ಕೆ, ನಳಿಗೆಯು ಮುಷ್ಟಿಗಿಂತ ಮೇಲಿರುವುದರಿಂದ ಈ ಒದೆತವು ಆಯುಧದ ಮೂತಿಯನ್ನು ಆಕಾಶದತ್ತ ತಿರುಗಿಸುತ್ತದೆ.

ಒಮ್ಮೆ ಒದೆತದ ರುಚಿ ಕಂಡ ಕೈ ಎರಡನೆಯ ಸಲ ಗುಂಡು ಹಾರುವ ಮೊದಲೇ ಬೆದರುತ್ತದೆ. ಹೊಸಬರ ಗುರಿ ಕೆಡುವುದು ಬಹುಮಟ್ಟಿಗೆ ಈ ಬೆದರಿನಿಂದ. ಹೆಚ್ಚು ಬಲವಿಲ್ಲದ ಕೈಗೆಂದು ಮಾಡಿದ ಹಗುರ ಆಯುಧವು ಆ ಕೈಯನ್ನೇ ಹೆಚ್ಚು ಬಾಧಿಸುವುದು ವಿಪರ್ಯಾಸವಲ್ಲವೆ!

ಗಿಡ್ಡ ನಳಿಗೆಯ ತೊಂದರೆ ಬೇರೆ. ನಳಿಗೆಯ ಮುಂತುದಿಯಲ್ಲಿ ಒಂದು ಗೂಟವೂ ಹಿಂದೆ ಒಂದು ಕಚ್ಚೂ ಇರುತ್ತವೆ. ಕಣ್ಣು ಇವೆರಡನ್ನೂ ಗುರಿಯೊಡನೆ ಒಂದೇ ಗೆರೆಗೆ ತರಬೇಕು. ಇವುಗಳ ನಡುವಣ ಅಂತರ 10 ಸೆಂಟಿಮೀಟರ್ ಇದ್ದು, ಗೂಟವು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, 10 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. ಅಂತರ 15 ಸೆಂಟಿಮೀಟರ್ ಆದರೆ ತಪ್ಪು ಏಳಕ್ಕಿಂತಲೂ ಕಡಮೆ. ಕೈಲ್ ಪೊಳ್ದು ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಕೊಡವರ ಕೋವಿಗೆ ಉದ್ದವಾದ ನಳಿಗೆಯಿದೆ, ಆನಿಕೆಗೆ ಹೆಗಲಿದೆ. ಅದನ್ನು ಚೆನ್ನಾಗಿ ಬಲ್ಲವರೂ ರಿವಾಲ್ವರಿನಲ್ಲಿ ಹೊಸಬರೇ.

ರಿವಾಲ್ವರೋ ಪಿಸ್ತೂಲೋ ಎಂಬ ಪ್ರಶ್ನೆಯುಂಟು. ಮೊದಲ ಸಲಕ್ಕೆ ರಿವಾಲ್ವರೇ ಮೇಲೆಂದು ನಾನು ಹೇಳುವುದಕ್ಕೆ ಒಂದೇ ಕಾರಣ ಸಾಕು. ಅದರ ಉರುಳೆಯನ್ನು ಹೊರಕ್ಕೆ ತೆರೆದರೆ ಆರು ಮನೆಗಳೂ ಬರಿಗಣ್ಣಿಗೆ ಕಾಣುತ್ತವೆ. ತುಂಬಿದೆಯೋ ಬರಿದಾಗಿದೆಯೋ ಎಂಬ ಸಂಶಯವಿಲ್ಲ. ಪಿಸ್ತೂಲಿನಲ್ಲಾದರೋ ಮ್ಯಾಗಜಿನನ್ನು ಕಳಚಿದ ಮೇಲೂ ನಳಿಗೆಯ ಬುಡದಲ್ಲಿ ಒಂದು ತೋಟಾ ಅಡಗಿ ಕುಳಿತಿರಬಹುದು. ‘ಬರಿದಾಗಿದೆ’ ಎಂದುಕೊಂಡ ಪಿಸ್ತೂಲಿನಿಂದ ಸತ್ತವರ ಕಥೆಗಳ ಹಿಂದೆ ಹಲವು ಬಾರಿ ಇರುವುದು ಈ ಒಂದು ತೋಟಾ.

ಇನ್ನು ಮನೆಯ ವಿಚಾರ. ಹೊರಗಿನ ಶತ್ರುವಿಗೆಂದು ತಂದ ಆಯುಧವು ಒಳಗಿನವರ ದುರ್ಬಲ ಗಳಿಗೆಯಲ್ಲಿಯೂ ಕೈಗೆಟುಕುವಂತಿರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಎರಡೂವರೆ ಕೋಟಿಗೂ ಮಿಕ್ಕಿದ ಜನರನ್ನು ಕುರಿತು ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಬೇಕು. ಕೈಬಂದೂಕನ್ನು ಹೊಂದಿದ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಹೊಂದಿಲ್ಲದವರಿಗಿಂತ ಸುಮಾರು 8 ಪಟ್ಟು. ಹೆಂಗಸರಲ್ಲಿ ಸುಮಾರು 35 ಪಟ್ಟು. ಅಲ್ಲಿನ ಸಮಾಜ ಬೇರೆ, ನಮ್ಮದು ಬೇರೆ. ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಹೊಂದಿಸಲಾಗದು. ಆದರೆ ಗುಂಡಿನ ಗಾಯ ಎರಡನೆಯ ಅವಕಾಶ ಕೊಡುವುದು ಎಲ್ಲಿಯೂ ಅಪರೂಪ. ಮನೆಯಲ್ಲಿ ಮನಸ್ಸು ನೊಂದವರಿದ್ದರೆ, ಅಥವಾ ಬೀಗ ಹಾಕಬಲ್ಲ ಉಕ್ಕಿನ ಪೆಟ್ಟಿಗೆಗೆ ಅನುಕೂಲವಿಲ್ಲದಿದ್ದರೆ, ಕೊಳ್ಳದಿರುವುದೇ ಲೇಸು. ಈ ಮಾತಿನಲ್ಲಿ ನನಗೆ ಅಳುಕಿಲ್ಲ.

1959ರ ಶಸ್ತ್ರ ಶಾಸನದ ಪ್ರಕಾರ ಪರವಾನಗಿಯಿಲ್ಲದೆ ಆಯುಧವಿಲ್ಲ. ಆಯುಧ ಸುರಕ್ಷತೆಯ ತರಬೇತಿಯನ್ನೂ 2016ರ ನಿಯಮಗಳು ವಿಧಿಸಿವೆ. ಆದರೆ ವರ್ಷಕ್ಕೆ ಎಷ್ಟು ತೋಟಾ ಎಂಬುದನ್ನೂ ಪರವಾನಗಿಯೇ ಗೊತ್ತುಮಾಡುತ್ತದೆ. ಆ ಅಲ್ಪ ಮೊತ್ತದಲ್ಲಿ ಅಭ್ಯಾಸಕ್ಕೆ ಉಳಿಯುವುದೆಷ್ಟು? ಲಕ್ಷ ರೂಪಾಯಿ ಕೊಟ್ಟು ಕೊಂಡವರು ಆಯುಧವನ್ನು ಬೀರುವಿನಲ್ಲಿಟ್ಟು ಧೈರ್ಯ ತಂದುಕೊಳ್ಳುತ್ತಾರೆ. ಕೈಗೆ ಮಾತ್ರ ಅದರ ಪರಿಚಯವೇ ಆಗಿರುವುದಿಲ್ಲ. ಹಗುರವೆಂದು ಹೊಗಳಿ ಮಾರುವ ಕಾರ್ಖಾನೆಗಳು, ಹಣ ಪಡೆಯುವ ಮೊದಲು ಕೊಳ್ಳುವವರನ್ನು ಶಿಕ್ಷಕರ ಸಮ್ಮುಖದಲ್ಲಿ ನಿಲ್ಲಿಸಿ, ಕಿವಿಗೆ ರಕ್ಷೆ ತೊಡಿಸಿ, ಹಗುರವಾದುದರಿಂದ ಆರು ಗುಂಡು, ಭಾರವಾದುದರಿಂದ ಆರು ಗುಂಡು ಹಾರಿಸುವ ಏರ್ಪಾಡು ಮಾಡಲಿ. ಯಾವುದು ಬೇಕೆಂಬುದನ್ನು, ಅಥವಾ ಯಾವುದೂ ಬೇಡವೆಂಬುದನ್ನು, ಅವರು ಆಮೇಲೆ ತಿಳಿಸಲಿ.