ಹೋತಗಳ ತಲೆ ಎಣಿಸಿದರೆ ಸಾಲದು



ರಾಷ್ಟ್ರೀಯ ಜಾನುವಾರು ಮಿಷನ್‌ ಯೋಜನೆಯಲ್ಲಿ ಮೇಕೆ ತಳಿ ಘಟಕಕ್ಕೆ ಶೇ 50ರಷ್ಟು ಸಹಾಯಧನವಿದೆ. 100 ಹೆಣ್ಣಿಗೆ 5 ಗಂಡು, 500ಕ್ಕೆ 25 ಎಂಬುದು ಅದರ ಪ್ರಮಾಣ. ಆದರೆ ಆ ಐದೂ ಒಂದೇ ಹೋತಕ್ಕೆ ಹುಟ್ಟಿದ ಅಣ್ಣತಮ್ಮಂದಿರಾದರೆ ಗತಿಯೇನು?

ನಮ್ಮ ಸಿರುಗುಪ್ಪ ಭಾಗದ ಚಿಕ್ಕ ಹಿಂಡುಗಳ ಸ್ಥಿತಿ ಇನ್ನೂ ಕಷ್ಟ. ಚೆನ್ನಾಗಿ ಬೆಳೆದ ಗಂಡುಮರಿಗೆ ಬಕ್ರೀದ್‌ಗೋ ಜಾತ್ರೆಗೋ ಒಳ್ಳೆ ಬೆಲೆ ಬರುತ್ತದೆ, ಮಾರಿಬಿಡುತ್ತೇವೆ. ಬೀಜಕ್ಕೆ ಉಳಿಯುವುದು ಯಾರಿಗೂ ಬೇಡವಾದ ಮರಿ. ಅದೇ ಹೋತ ಮುಂದೆ ತನ್ನ ಮಗಳ ಮೇಲೂ ಹಾರುತ್ತದೆ. 30 ಮೇಕೆಗೆ ಒಂದೇ ಹೋತವಿದ್ದರೆ, ತಳಿವಿಜ್ಞಾನದ ಲೆಕ್ಕದಲ್ಲಿ ಅದು 31 ತಲೆಯ ಹಿಂಡಲ್ಲ, ನಾಲ್ಕು ತಲೆಗೂ ಕಡಿಮೆ. ಇಡೀ ತಳಿಗೆ ಈ ಲೆಕ್ಕ 50ಕ್ಕಿಂತ ಕೆಳಗಿಳಿದರೆ ಅಪಾಯ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಚ್ಚರಿಸಿದೆ. ಮರಿಗಳ ಸಾವು, ತೂಕ ಕುಸಿತ, ಗಬ್ಬ ನಿಲ್ಲದಿರುವುದು ಹೀಗೆ ಹತ್ತಿರದ ರಕ್ತದೊಳಗೇ ಮರಿ ಹಾಕಿಸುವುದರ ಫಲ.

ಇದರಿಂದ ಕಳೆದುಹೋಗುವುದೇನೆಂದು ತಿಳಿಯಲು, ಕೊಯ್ಲಾದ ಭತ್ತದ ಗದ್ದೆಯಲ್ಲಿ, ಕಾಲುವೆ ಬದಿಯಲ್ಲಿ ಮೇಯುವ ಹಿಂಡನ್ನು ಹತ್ತಿರದಿಂದ ನೋಡಿ. ಒಂದೇ ತಾಯಿಯ ಅವಳಿಗಳಲ್ಲೇ ಒಂದು ಕರಿ, ಒಂದು ಕಂದು. ಒಂದಕ್ಕೆ ಕೊರಳ ಮೊಲೆ, ಇನ್ನೊಂದಕ್ಕೆ ಇಲ್ಲ. ಕಣ್ಣಿಗೆ ಕಾಣದ ಭೇದವೇ ಇನ್ನೂ ದೊಡ್ಡದು. ಒಂದೇ ಹುಲ್ಲು ತಿಂದರೂ ಜಂತುಹುಳುವಿಗೆ ಒಂದು ಸೊರಗುತ್ತದೆ, ಪಕ್ಕದ್ದು ಗಟ್ಟಿಯಾಗಿ ನಿಲ್ಲುತ್ತದೆ. ಈ ಗುಣ ಒಂದಿಷ್ಟು ರಕ್ತದಲ್ಲೇ ಬರುವಂಥದ್ದು. ಹಿಂಡಿನೊಳಗಿನ ಈ ವೈವಿಧ್ಯವೇ ಬಡವನ ವಿಮೆ. ಅದನ್ನು ಬಿಟ್ಟು, ರಾಜಸ್ಥಾನದ ಒಣಭೂಮಿಯ ಸಿರೋಹಿ ತಳಿಯ ಹೋತ ತಂದರೆ ಎಲ್ಲ ಸರಿಹೋಗುತ್ತದೆ ಎಂಬ ಪ್ರಚಾರ ನನಗೆ ಒಪ್ಪಿಗೆಯಿಲ್ಲ. ಕಂಡಕಂಡ ಹಿಂಡಿಗೆಲ್ಲ ಹೊರಗಿನ ಹೋತ ಬಿಟ್ಟರೆ ಊರ ಮೇಕೆಯ ಗುಣ ಕರಗಿಹೋಗುತ್ತದೆ.

ನಮ್ಮ ರಾಜ್ಯದ ನಂದಿದುರ್ಗ, ಬೀದರಿ ಮೇಕೆಗಳಿಗೆ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ತಳಿ ಮಾನ್ಯತೆ ಕೊಟ್ಟಿದೆ. ತುಂಗಭದ್ರೆ–ವೇದಾವತಿ ದಂಡೆಯ ಮೇಕೆಗಳನ್ನೂ ಅದೇ ಕಾಳಜಿಯಿಂದ ಪರೀಕ್ಷಿಸಲಿ.

ಪಶುಪಾಲನಾ ಇಲಾಖೆಗೆ ನನ್ನ ಬೇಡಿಕೆ ಇಷ್ಟೆ. ಸಹಾಯಧನ ಮಂಜೂರು ಮಾಡುವ ಮುನ್ನ ಹೋತಗಳ ವಂಶ ವಿಚಾರಿಸಿ, ಕಿವಿಯೋಲೆ ಹಾಕಿ ದಾಖಲೆ ಇಡಲಿ. ಎರಡು ವರ್ಷಕ್ಕೊಮ್ಮೆ ಊರೂರುಗಳ ನಡುವೆ ಬೀಜದ ಹೋತ ಅದಲುಬದಲು ಮಾಡಿಸಲಿ. ಒಳ್ಳೆಯ ಗಂಡುಮರಿಯನ್ನು ಮಾರದೆ ಬೀಜಕ್ಕೆ ಉಳಿಸುವ ಸಾಕಣೆದಾರನಿಗೆ ಸಂತೆ ಬೆಲೆಯಷ್ಟಾದರೂ ಪ್ರೋತ್ಸಾಹಧನ ಕೊಡಲಿ.

– ಒಬ್ಬ ಮೇಕೆ ಸಾಕಣೆದಾರ, ಸಿರುಗುಪ್ಪ ತಾಲ್ಲೂಕು